ಮಠ, ಮಿಷನ್ ಕಾಲೇಜಿನಲ್ಲಿ ಡಿ.ಎಲ್.ಇಡಿ: ಸೇರುವ ಮುಂಚೆಯಿಂದ ಟಿಇಟಿವರೆಗೆ

ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ನಮ್ಮ ಕೊಪ್ಪಳದ ಕಡೆ ಮನೆಮನೆಯಲ್ಲೂ ಒಂದು ಮಾತು ಶುರುವಾಗುತ್ತದೆ. "ಮಠದ ಕಾಲೇಜಿಗೆ ಹಾಕ್ರಿ. ಹುಡುಗಿ ಶಿಸ್ತಿನ್ಯಾಗ ಇರ್ತಾಳ, ಊಟಕ್ಕೂ ಚಿಂತಿಲ್ಲ." ಬಳ್ಳಾರಿ, ರಾಯಚೂರಿನಲ್ಲಿ ಇದೇ ಮಾತನ್ನು ಸಿಸ್ಟರ್‌ಗಳು ನಡೆಸುವ ಸಂಸ್ಥೆ ಬಗ್ಗೆಯೋ ಉರ್ದು ಸಂಸ್ಥೆ ಬಗ್ಗೆಯೋ ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಈ ಭಾಗದಲ್ಲಿ ಬಡವರ ಮಕ್ಕಳು ಓದಿ ಮೇಲೆ ಬಂದಿದ್ದರಲ್ಲಿ ಧಾರ್ಮಿಕ ಸಂಸ್ಥೆಗಳ ಪಾಲು ದೊಡ್ಡದು. ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನವರು ಕಟ್ಟಿದ ವಾರ್ಡ್ಲಾ ಶಾಲೆಯಿಂದ ಹಿಡಿದು ಕೊಪ್ಪಳದ ಗವಿಮಠದಲ್ಲಿ ಸಾವಿರಾರು ಮಕ್ಕಳು ಉಂಡು ಓದುವ ಪ್ರಸಾದ ನಿಲಯದವರೆಗೆ ಉದಾಹರಣೆ ಕಣ್ಣೆದುರೇ ಇವೆ.

ಆದರೆ ಶಿಕ್ಷಕರ ತರಬೇತಿಗೆ ಸೇರುವಾಗ ಶಿಸ್ತು, ಊಟ ನೋಡಿದರೆ ಸಾಲದು. ನಾನೊಬ್ಬ ಪ್ರಾಥಮಿಕ ಶಾಲೆ ಶಿಕ್ಷಕ. ಓದಿದ್ದು ಮಠದ ಸಂಸ್ಥೆಯಲ್ಲೇ. ಈಗ ತರಬೇತಿ ಕಾಲೇಜುಗಳ ಮಕ್ಕಳು ಪಾಠ ಮಾಡಲು ನಮ್ಮ ಶಾಲೆಗೆ ಬರುತ್ತಾರೆ. ಬಂದ ಎರಡು ದಿನದಲ್ಲೇ ಯಾವ ಕಾಲೇಜು ತನ್ನ ಮಕ್ಕಳನ್ನು ತಯಾರು ಮಾಡಿ ಕಳಿಸಿದೆ, ಯಾವುದು ಸುಮ್ನೆ ಕಳಿಸಿದೆ ಅನ್ನೋದು ಗೊತ್ತಾಗಿಬಿಡುತ್ತದೆ. ಅದಕ್ಕೆ ಕಾಲೇಜಿನ ಹೆಸರಾಗಲಿ, ಅದು ಯಾವ ಧರ್ಮದವರದ್ದು ಅನ್ನೋದಾಗಲಿ ಸಂಬಂಧವೇ ಇಲ್ಲ. ಮಕ್ಕಳನ್ನು ಎಂಥ ಶಾಲೆಗೆ ಕಳಿಸುತ್ತಾರೆ, ಅಲ್ಲಿ ಯಾರು ಕೂತು ಪಾಠ ನೋಡುತ್ತಾರೆ, ಇಷ್ಟೇ ಲೆಕ್ಕ.

ಡಿ.ಎಲ್.ಇಡಿನಾ, ಬಿ.ಇಡಿನಾ?

ಹಿರಿಯರು ಇನ್ನೂ ಟಿಸಿಎಚ್ ಅಂತಾರೆ, ನಮ್ಮ ವಯಸ್ಸಿನವರು ಡಿ.ಇಡಿ ಅಂತೀವಿ. ಈಗಿನ ಹೆಸರು ಡಿ.ಎಲ್.ಇಡಿ. ಪ್ರಾಥಮಿಕ ಶಾಲೆ ಶಿಕ್ಷಕರಾಗಲು ಪಿಯುಸಿ ಆದ ಮೇಲೆ ಮಾಡುವ ಎರಡು ವರ್ಷದ ಕೋರ್ಸ್. ಪಿಯುಸಿಯಲ್ಲಿ ಶೇ. 50 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ರವರಿಗೆ ಶೇ. 45 ಸಾಕು.

"ಬಿ.ಇಡಿ ಮಾಡಿದರೆ ಪ್ರೈಮರಿಗೂ ಆಗುತ್ತೆ, ಹೈಸ್ಕೂಲಿಗೂ ಆಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2018ರಲ್ಲಿ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ, ಅಂದರೆ ಎನ್‌ಸಿಟಿಇ, ಬಿ.ಇಡಿ ಆದವರೂ 1ರಿಂದ 5ನೇ ತರಗತಿಗೆ ಶಿಕ್ಷಕರಾಗಬಹುದು ಎಂದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯದೇ ಕೆಲಸ, ಅದಕ್ಕೆ ಅದರದ್ದೇ ತರಬೇತಿ ಬೇಕು ಅನ್ನುವುದು ತೀರ್ಪಿನ ತಿರುಳು. ಆರಂಭದ ತರಗತಿಗಳಲ್ಲಿ ವರ್ಷಗಟ್ಟಲೆ ನಿಂತವನಾಗಿ ನನಗೆ ಇದು ನೂರಕ್ಕೆ ನೂರು ಸರಿ ಅನಿಸುತ್ತದೆ. 6ರಿಂದ 8ನೇ ತರಗತಿಗೆ ಮಾತ್ರ ಪದವಿಯ ಜೊತೆ ಡಿ.ಎಲ್.ಇಡಿ ಇದ್ದರೂ ನಡೆಯುತ್ತದೆ, ಬಿ.ಇಡಿ ಇದ್ದರೂ ನಡೆಯುತ್ತದೆ.

ಇನ್ನೊಂದು ವಿಷಯ ತಿಳಿದುಕೊಂಡೇ ಸೇರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2030ರ ಹೊತ್ತಿಗೆ ಶಿಕ್ಷಕರಾಗಲು ನಾಲ್ಕು ವರ್ಷದ ಸಮಗ್ರ ಬಿ.ಇಡಿಯೇ ಕನಿಷ್ಠ ಅರ್ಹತೆ ಆಗಬೇಕು. ಡಿ.ಎಲ್.ಇಡಿ ಮಾಡುವ ಮನಸ್ಸಿದ್ದರೆ "ಮುಂದಿನ ವರ್ಷ ನೋಡೋಣ" ಅಂತ ತಳ್ಳಬೇಡಿ. ಮುಗಿದ ಮೇಲೆ ಪದವಿಯನ್ನೂ ಮಾಡಿಕೊಳ್ಳುವ ಯೋಚನೆ ಈಗಲೇ ತಲೆಯಲ್ಲಿರಲಿ.

ಕಾಲೇಜು ನೋಡಲು ಖುದ್ದು ಹೋಗಿ

ಮೊದಲ ಕೆಲಸ, ಎನ್‌ಸಿಟಿಇ ಜಾಲತಾಣದಲ್ಲಿ ಕಾಲೇಜಿನ ಹೆಸರಿದೆಯಾ ನೋಡುವುದು. ಅದೇ ಟ್ರಸ್ಟಿನ ಬಿ.ಇಡಿ ಕಾಲೇಜಿಗೆ ಮಾನ್ಯತೆ ಇದ್ದು ಡಿ.ಎಲ್.ಇಡಿಗೆ ಇಲ್ಲದಿರಬಹುದು. ಹಿಂದೆ ತಾಲ್ಲೂಕಿಗೆ ಎರಡು ಮೂರು ಇದ್ದ ಡಿ.ಇಡಿ ಕಾಲೇಜುಗಳಲ್ಲಿ ಎಷ್ಟೋ ಮುಚ್ಚಿವೆ. ಗೋಡೆ ಮೇಲಿನ ಬೋರ್ಡ್ ಮಾತ್ರ ಹಾಗೇ ಇರುತ್ತದೆ.

ಆಮೇಲೆ ಹತ್ತಿರದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ, ಅಂದರೆ ಡಯಟ್‌ಗೊಮ್ಮೆ ಹೋಗಿ ಬನ್ನಿ. ಬಳ್ಳಾರಿಯದು ಊರಲ್ಲೇ ಇದೆ, ರಾಯಚೂರು ಜಿಲ್ಲೆಯದು ಯರಮರಸ್‌ನಲ್ಲಿ, ಕೊಪ್ಪಳ ಜಿಲ್ಲೆಯದು ಮುನಿರಾಬಾದ್‌ನಲ್ಲಿ. ಜಿಲ್ಲೆಯಲ್ಲಿ ಯಾವ ಕಾಲೇಜು ಹೇಗೆ ನಡೆಯುತ್ತಿದೆ ಅನ್ನೋದು ಅಲ್ಲಿನ ಉಪನ್ಯಾಸಕರಿಗೆ ಚೆನ್ನಾಗಿ ಗೊತ್ತಿರುತ್ತದೆ. ಡಯಟ್‌ನಲ್ಲೇ ಸೀಟು ಸಿಗುವಷ್ಟು ಅಂಕ ಇದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಮಠದ ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಸರ್ಕಾರಿ ಕಾಲೇಜಿಗೆ ಹೋಗಿ ಬರುವ ಮಕ್ಕಳೂ ಇದ್ದಾರೆ. ಊಟ, ವಸತಿ ಒಂದು ಕಡೆ, ಓದು ಇನ್ನೊಂದು ಕಡೆ ಆದರೆ ತಪ್ಪೇನಿಲ್ಲ ಅಲ್ವಾ?

ಕಾಲೇಜಿಗೆ ಹೋದಾಗ ಪ್ರಾಂಶುಪಾಲರ ಕೋಣೆಯಲ್ಲಿ ಮಾತಾಡಿ ವಾಪಸ್ ಬರಬೇಡಿ. ಎರಡನೇ ವರ್ಷದ ಪ್ರಶಿಕ್ಷಣಾರ್ಥಿಗಳನ್ನು ಹುಡುಕಿ ಮಾತಾಡಿಸಿ. ಅವರ ಪಾಠ ಯೋಜನೆ ಪುಸ್ತಕ ಕೇಳಿ ತಿರುವಿ ನೋಡಿ. ಪ್ರತಿ ಪಾಠದ ಕೆಳಗೆ ಉಪನ್ಯಾಸಕರು ಏನು ಬರೆದಿದ್ದಾರೆ ಗಮನಿಸಿ. "ಉತ್ತಮ" ಅಂತ ಬರೆದು ಸಹಿ ಹಾಕಿದ್ದರೆ ಒಂದು ತರ. "ಹಿಂದಿನ ಬೆಂಚಿನ ಮಕ್ಕಳಿಗೆ ಪ್ರಶ್ನೆ ಕೇಳಲಿಲ್ಲ, ಹಲಗೆ ಮೇಲಿನ ಅಕ್ಷರ ಚಿಕ್ಕದು, ಕಳೆಯುವ ಲೆಕ್ಕಕ್ಕೆ ಕಡ್ಡಿ ಬಳಸಬೇಕಿತ್ತು" ಅಂತ ಬರೆದಿದ್ದರೆ ಆ ಕಾಲೇಜೇ ಬೇರೆ. ನಾನಾದರೆ ಈ ಒಂದು ಪುಸ್ತಕ ನೋಡಿಯೇ ಅರ್ಧ ನಿರ್ಧಾರ ಮಾಡುತ್ತೇನೆ. ಅಭ್ಯಾಸ ಪಾಠಕ್ಕೆ ಯಾವ ಶಾಲೆಗೆ ಕಳಿಸುತ್ತಾರೆ ಅಂತಲೂ ಕೇಳಿ. ತಮ್ಮದೇ ಆಡಳಿತದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಮಾತ್ರ ಕಳಿಸುವುದಾದರೆ ಹಳ್ಳಿಯ ಕನ್ನಡ ಶಾಲೆಯ ಅನುಭವ ನಿಮಗೆ ಎಲ್ಲಿ ಸಿಗಬೇಕು? ನಾಳೆ ಕೆಲಸ ಮಾಡಬೇಕಾದದ್ದು ಅಲ್ಲೇ.

"ನೀವು ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು" ಅನ್ನುವವರೂ ಸಿಗುತ್ತಾರೆ. ಅಂಥ ಕಡೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಎನ್‌ಸಿಟಿಇಯ 2014ರ ನಿಯಮದಂತೆ ತರಗತಿಯಲ್ಲಿ ಶೇ. 80, ಶಾಲಾ ಅನುಭವದಲ್ಲಿ ಶೇ. 90 ಹಾಜರಾತಿ ಬೇಕೇ ಬೇಕು. ಹಾಗೆ ಒಬ್ಬ ಹುಡುಗ ಹಾಜರಾತಿ ಕೊಂಡುಕೊಂಡು ಪಾಸಾದರೂ, ಮುಂದೆ ಅವನ ಕೈಗೆ ಬರುವ ಮಕ್ಕಳು ಏನು ಪಾಪ ಮಾಡಿದ್ದಾರೆ?

ಡೊನೇಶನ್ ಕೇಳಿದರೆ, ಕರ್ನಾಟಕದಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿದ 1984ರ ಕಾಯ್ದೆ ಇದೆ ಅನ್ನೋದು ನೆನಪಿರಲಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ತಗೊಳ್ಳಿ. ಮಠಕ್ಕೆ ಭಕ್ತಿಯಿಂದ ಕಾಣಿಕೆ ಕೊಡುವುದು ಬೇರೆ, ಸೀಟಿಗೆ ದುಡ್ಡು ಕೊಡುವುದು ಬೇರೆ.

ಪ್ರಾರ್ಥನೆ, ಪದ್ಧತಿ: ನಿಮ್ಮ ಹಕ್ಕು, ಅವರ ಹಕ್ಕು

ಬೇರೆ ಧರ್ಮದ, ಬೇರೆ ಜಾತಿಯ ಮಕ್ಕಳ ಮನೆಯವರು ಇದರ ಬಗ್ಗೆ ಬಹಳ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಹಾಗಾಗಿ ಅಂಥ ಕಡೆ ಒಂದಿಷ್ಟು ಸೀಟು ಅವರ ಸಮುದಾಯಕ್ಕೆ ಇರಬಹುದು. ಆದರೆ 29ನೇ ವಿಧಿ ಪ್ರಕಾರ ಸರ್ಕಾರದ ಅನುದಾನ ಪಡೆಯುವ ಸಂಸ್ಥೆ ಬರೀ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. 28ನೇ ವಿಧಿಯ ಮೂರನೇ ಭಾಗ ಇನ್ನೂ ಸ್ಪಷ್ಟ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವವರನ್ನು ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ಹದಿನೆಂಟು ತುಂಬದಿದ್ದರೆ ಪಾಲಕರ ಒಪ್ಪಿಗೆ ಬೇಕು. ಪಿಯುಸಿ ಮುಗಿಸಿ ಬರುವ ಎಷ್ಟೋ ಮಕ್ಕಳಿಗೆ ಇನ್ನೂ ಹದಿನೆಂಟು ಆಗಿರುವುದಿಲ್ಲ, ಅದಕ್ಕೇ ಹೇಳಿದೆ.

ಇದನ್ನೆಲ್ಲ ಜಗಳಕ್ಕೆ ಹೇಳುತ್ತಿಲ್ಲ. ಹಾಸ್ಟೆಲ್ ಸೇರುವ ದಿನವೇ ವಾರ್ಡನ್ ಹತ್ತಿರ ನೇರವಾಗಿ ಕೇಳಿ: ಬೆಳಗಿನ ಪ್ರಾರ್ಥನೆ ಎಲ್ಲರಿಗೂ ಕಡ್ಡಾಯವಾ? ಹಬ್ಬಕ್ಕೆ ಊರಿಗೆ ಬಿಡುತ್ತೀರಾ? ಊಟದ ಪದ್ಧತಿ ಏನು? ಮಠದಲ್ಲಿ ಮಾಂಸಾಹಾರ ಇರುವುದಿಲ್ಲ, ಅದು ಅವರ ಮನೆ, ಅವರ ನಿಯಮ. ಒಪ್ಪಿಗೆಯಾದರೆ ಸೇರಿ, ಆಗದಿದ್ದರೆ ಬಿಸಿಎಂ ಹಾಸ್ಟೆಲ್‌ಗೋ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗೋ ಅರ್ಜಿ ಹಾಕಿ. ನಾನಿದ್ದ ನಿಲಯದಲ್ಲಿ ಸಾಯಂಕಾಲ ವಚನ ಹಾಡುವ ರೂಢಿ ಇತ್ತು. ನೂರಾರು ಮಕ್ಕಳೆದುರು ಬಾಯಿ ಬಿಟ್ಟು ಹಾಡುವ, ತಪ್ಪಿದರೆ ಮತ್ತೆ ಶುರು ಮಾಡುವ ಧೈರ್ಯ ನನಗೆ ಬಂದದ್ದು ಅಲ್ಲೇ. ಮಠದವರು ಕೊಟ್ಟದ್ದರಲ್ಲಿ ತರಗತಿಯೊಳಗೆ ನನಗೆ ಈಗಲೂ ಉಪಯೋಗಕ್ಕೆ ಬರುವುದು ಅದೇ.

ಒಂದು ಎಚ್ಚರ ಮಾತ್ರ ಇರಲಿ. ಕಾಲೇಜಿನ ಪ್ರಾರ್ಥನೆಯನ್ನು ಸರ್ಕಾರಿ ಶಾಲೆಯ ತರಗತಿಗೆ ತರಬೇಡಿ. ಸಂಪೂರ್ಣ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು ಅಂತ ಅದೇ 28ನೇ ವಿಧಿ ಹೇಳುತ್ತದೆ. ನಿಮ್ಮೆದುರು ಕೂತ ಮಕ್ಕಳಲ್ಲಿ ಎಲ್ಲ ಮನೆಯವರೂ ಇರುತ್ತಾರೆ.

ಕಾಗದಪತ್ರ

ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಅಂಕದ ಮೇಲೆ ಹಂಚುತ್ತದೆ. ಉಳಿದವು ಆಡಳಿತ ಮಂಡಳಿಯ ಸೀಟು. ಮಂಡಳಿಯ ಸೀಟು ಖಾಯಂ ಅಂತ ಯಾರೋ ಮಾತು ಕೊಟ್ಟರೂ ಘಟಕಕ್ಕೆ ಅರ್ಜಿ ಹಾಕುವುದನ್ನು ಬಿಡಬೇಡಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್ ಎಲ್ಲರ ಹತ್ತಿರವೂ ಇರುತ್ತದೆ. ತಡವಾಗುವುದು ಉಳಿದವು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪತ್ರಕ್ಕೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಒಂದರಿಂದ ಹತ್ತರವರೆಗೆ ಎರಡು ಮೂರು ಶಾಲೆ ಬದಲಿಸಿದವರು ಎಲ್ಲ ಕಡೆ ಓಡಾಡಬೇಕು, ಅದಕ್ಕೆ ಬೇಸಿಗೆ ರಜೆ ಮುಗಿಯುವುದರೊಳಗೆ ಮುಗಿಸಿ.

ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 371(ಜೆ) ಪ್ರಮಾಣಪತ್ರ, ಅಂದರೆ ನೀವು ಕಲ್ಯಾಣ ಕರ್ನಾಟಕದವರು ಅನ್ನುವ ಪತ್ರ. ಇದನ್ನು ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರು ಕೊಡುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ರಾಯಚೂರು, ಲಿಂಗಸುಗೂರು ಅಂತ ಎರಡು ಎಸಿ ಕಚೇರಿ ಇವೆ, ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರುತ್ತದೆ ನೋಡಿಕೊಳ್ಳಿ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಸಿ ದರ್ಜೆ ಹುದ್ದೆಗಳ ಶೇ. 80 ಇಲ್ಲಿಯವರಿಗೇ ಮೀಸಲು. ಮುಂದೆ ನೇಮಕಾತಿ ಅರ್ಜಿ ಹಾಕುವಾಗ ಈ ಒಂದು ಹಾಳೆ ಇಲ್ಲದೆ ಒದ್ದಾಡುವ ಹುಡುಗರನ್ನು ಪ್ರತಿ ಸಲ ನೋಡುತ್ತೇನೆ.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಕಾಲೇಜಿಗೆ ಮೂಲ ದಾಖಲೆ ಕೊಡುವ ಮುಂಚೆ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ.

ಶಾಲೆಯಲ್ಲಿ ಕಳೆಯುವ 20 ವಾರ

ತರಗತಿಯಲ್ಲಿ ಶಿಶು ಮನೋವಿಜ್ಞಾನ, ಶಿಕ್ಷಣ ಮತ್ತು ಸಮಾಜ, ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಕಲಿಸುವ ವಿಧಾನ, ಕಲೆ, ದೈಹಿಕ ಶಿಕ್ಷಣ ಎಲ್ಲ ಇರುತ್ತವೆ. ಅದನ್ನು ಓದುತ್ತೀರಿ, ಪರೀಕ್ಷೆ ಬರೆಯುತ್ತೀರಿ. ನನ್ನ ಮಾತೇನಿದ್ದರೂ ಶಾಲಾ ಅನುಭವದ ಬಗ್ಗೆ. ಎನ್‌ಸಿಟಿಇ ನಿಯಮದಲ್ಲಿ ಎರಡು ವರ್ಷಕ್ಕೆ ಒಟ್ಟು 20 ವಾರ. ಮೊದಲ ವರ್ಷ 4, ಎರಡನೇ ವರ್ಷ 16.

ಮೊದಲ ವರ್ಷ ಬಂದಾಗ ಪಾಠ ಮಾಡುವ ಅವಸರ ಬೇಡ. ನಲಿಕಲಿ ಕೋಣೆಯ ಮೂಲೆಯಲ್ಲಿ ಕೂತು ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿ 2009ರ ನಂತರ ಇಡೀ ರಾಜ್ಯದ ಕನ್ನಡ ಶಾಲೆಗಳಿಗೆ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕೆಲವರಿಗೆ ಶಿಕ್ಷಕರ ಪೂರ್ತಿ ನೆರವು, ಕೆಲವರಿಗೆ ಗೆಳೆಯರ ನೆರವು, ಕೆಲವರದು ಸ್ವಂತ ಕಲಿಕೆ. ಯಾರು ಯಾವ ತಟ್ಟೆಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕು ಅನ್ನೋದನ್ನು ಅವರು ಹಿಡಿದ ಕಾರ್ಡೇ ಹೇಳುತ್ತದೆ. ಹೊರಗಿನಿಂದ ಬಂದವರಿಗೆ ಗದ್ದಲ ಅನಿಸುತ್ತದೆ. ಒಂದು ವಾರ ಕೂತರೆ ಆ ಗದ್ದಲದೊಳಗೆ ಒಂದು ಕ್ರಮ ಕಾಣುತ್ತದೆ.

ಪ್ರಶಿಕ್ಷಣಾರ್ಥಿಗಳು ಬಂದ ತಕ್ಷಣ ಮಾಡುವ ಕೆಲಸ ಹಲಗೆ ಮೇಲೆ ಅ ಆ ಇ ಈ ಬರೆಯುವುದು. ನಲಿಕಲಿ ಶುರುವಾಗುವುದು ರ, ಗ, ಸ, ದ, ಅ ಇಂದ. ಕಾರಣ ಸರಳ. ಅ ಆ ಇ ಈ ನಾಲ್ಕೂ ಕಲಿತ ಮಗುವಿಗೆ ಅವುಗಳಿಂದ ಓದಲು ಆ, ಈ ಬಿಟ್ಟರೆ ಒಂದು ಮಾತೂ ಸಿಗುವುದಿಲ್ಲ. ಈ ಐದು ಅಕ್ಷರ ಬಂದರೆ ಸರ, ದರ, ರಸ, ಅರಸ, ಗರಗಸ ಎಲ್ಲ ಓದಬಹುದು. ಒಬ್ಬ ತಾಂಡಾ ಹುಡುಗಿ ಇದ್ದಳು, ಮನೆಮಾತು ಲಂಬಾಣಿ. ಪಾಠಕ್ಕೆ ಬಂದಿದ್ದ ಪ್ರಶಿಕ್ಷಣಾರ್ಥಿ ಸ ಮತ್ತು ರ ಬರೆದ ಎರಡು ಮಿಂಚುಪಟ್ಟಿ ಹಿಡಿದು ಸುಮ್ಮನೆ ಕಾದಳು. ಹೇಳಿಕೊಡಲಿಲ್ಲ. ಹುಡುಗಿ ತುಟಿ ಅಲ್ಲಾಡಿಸಿದಳು, ಸ… ರ…, ಆಮೇಲೆ ಥಟ್ಟನೆ ಕೊರಳಿನ ಮಣಿಸರ ಎಳೆದು ತೋರಿಸಿ "ಅಕ್ಕೋರೆ, ಸರ!" ಅಂದಳು. ಅಷ್ಟು ಹೊತ್ತು ಕಾಯುವುದಿದೆಯಲ್ಲ, ಅದನ್ನು ಕಲಿಯಲು ಬೇಕಾದ್ದು ಈ 20 ವಾರ. ಪುಸ್ತಕದಲ್ಲಿ ಓದಿ ಬರುವ ವಿದ್ಯೆ ಅಲ್ಲ.

ಎರಡನೇ ವರ್ಷ ಬಂದಾಗ ಮೊದಲ ವಾರವೇ ಒಂದು ಪಟ್ಟಿ ಮಾಡಿ: ಪ್ರತಿ ಮಗುವಿನ ಹೆಸರು, ಅದರ ಮುಂದೆ ಮನೆಮಾತು. ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಬಹಳ ಮುಖ್ಯ. ಬಳ್ಳಾರಿ, ಸಿರುಗುಪ್ಪ ಕಡೆ ತೆಲುಗು, ರಾಯಚೂರು ಪೇಟೆಯಲ್ಲಿ ಉರ್ದು ಮತ್ತು ತೆಲುಗು, ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ, ಎಲ್ಲ ಕಡೆ ತಾಂಡಾದ ಲಂಬಾಣಿ. "ಈ ಮಗು ದಡ್ಡ" ಅಂತ ಪಕ್ಕಕ್ಕೆ ಇಟ್ಟ ಎಷ್ಟೋ ಮಕ್ಕಳಿಗೆ ಕನ್ನಡ ಬರುತ್ತಿರಲಿಲ್ಲ, ಅಷ್ಟೇ.

ವ್ಯಕ್ತಿ ಅಧ್ಯಯನ, ಕ್ರಿಯಾ ಸಂಶೋಧನೆ ಅಂತ ಬರೆಯಲು ಕೊಡುತ್ತಾರೆ. ಹಳೆ ಪ್ರಾಜೆಕ್ಟ್ ನೋಡಿ ನಕಲು ಮಾಡಬೇಡಿ. ನಿಮ್ಮೆದುರೇ ವಿಷಯ ಬಿದ್ದಿದೆ. ಸುಗ್ಗಿ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಯಾವ ಹೆಸರುಗಳ ಮುಂದೆ ಸಾಲಾಗಿ ಗೈರು ಬೀಳುತ್ತದೆ ನೋಡಿ. ಅಪ್ಪ, ಅವ್ವ ಗುಳೆ ಹೋದಾಗ ಮಗುವೂ ಹೋಗಿರುತ್ತದೆ. ಕೆಲವರು ಅಜ್ಜಿ ಹತ್ತಿರ ಬಿಟ್ಟಿರುತ್ತಾರೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಐದನೇ ತರಗತಿಯ ಹುಡುಗಿ ಮನೆಯಲ್ಲಿ ತಮ್ಮನನ್ನು ಆಡಿಸುತ್ತಿರುತ್ತಾಳೆ. ಅಂಥ ಒಂದು ಮಗುವಿನ ಮನೆಗೆ ಹೋಗಿ, ವಾಪಸ್ ಬಂದಾಗ ಅದು ಎಲ್ಲಿ ನಿಂತಿದೆ, ಜೊತೆಯವರನ್ನು ಹಿಡಿಯಲು ಏನು ಮಾಡಬೇಕು ಅಂತ ಬರೆಯಿರಿ. ನಿಮ್ಮ ಆ ಟಿಪ್ಪಣಿ ನಮ್ಮಂಥ ಶಿಕ್ಷಕರಿಗೂ ಉಪಯೋಗಕ್ಕೆ ಬರುತ್ತದೆ.

ಪಾಠೋಪಕರಣಕ್ಕೆ ಅಂಗಡಿಯಲ್ಲಿ ದುಡ್ಡು ಸುರಿಯಬೇಡಿ. ಥರ್ಮೋಕೋಲ್ ಮಾದರಿ ಪರೀಕ್ಷಕರು ನೋಡಿದ ಮೇಲೆ ಮೂಲೆ ಸೇರುತ್ತದೆ. ಜೋಳದ ದಂಟು, ಹುಣಸೆ ಬೀಜ, ಬಾಟಲಿ ಮುಚ್ಚಳದಲ್ಲಿ ಹತ್ತರ ಗುಂಪು ಕಟ್ಟಿಸಿ, ಮಕ್ಕಳೇ ಕಟ್ಟಲಿ.

ಟಿಇಟಿ ಮತ್ತು ಆಮೇಲೆ

ಡಿ.ಎಲ್.ಇಡಿ ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಮಠದ ಕಾಲೇಜಿರಲಿ, ಮಿಷನ್ ಕಾಲೇಜಿರಲಿ, ಪ್ರಶ್ನೆಪತ್ರಿಕೆ ಒಂದೇ.

ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿಯನ್ನು ಅಂತಿಮ ವರ್ಷದಲ್ಲಿದ್ದಾಗಲೇ ಬರೆಯಬಹುದು. ಪತ್ರಿಕೆ 1 ಇರುವುದು 1ರಿಂದ 5ನೇ ತರಗತಿಗೆ, ಪತ್ರಿಕೆ 2 ಇರುವುದು 6ರಿಂದ 8ಕ್ಕೆ. ಪತ್ರಿಕೆ 1ರಲ್ಲಿ ಎರಡೂವರೆ ಗಂಟೆ, 150 ಪ್ರಶ್ನೆ, 150 ಅಂಕ. ಮೊದಲ ಭಾಷೆ, ಎರಡನೇ ಭಾಷೆ, ಶಿಶು ವಿಕಸನ ಮತ್ತು ಬೋಧನಾಶಾಸ್ತ್ರ, ಗಣಿತ, ಪರಿಸರ ಅಧ್ಯಯನ ತಲಾ 30. ಶೇ. 60 ಬರಬೇಕು, ಅಂದರೆ 90 ಅಂಕ. ಪರಿಶಿಷ್ಟರಿಗೆ, ಪ್ರವರ್ಗ 1ರವರಿಗೆ, ಅಂಗವಿಕಲರಿಗೆ ಶೇ. 55. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಓದಲು ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಗೈಡ್ ಅಲ್ಲ, 1ರಿಂದ 8ರವರೆಗಿನ ರಾಜ್ಯ ಪಠ್ಯಪುಸ್ತಕಗಳು.

"ನಮ್ಮ ಸಂಸ್ಥೆಯ ಶಾಲೆಯಲ್ಲೇ ಕೆಲಸ ಕೊಡುತ್ತೇವೆ, ಟಿಇಟಿ ಬೇಕಿಲ್ಲ" ಅಂತ ಕೆಲವರು ಹೇಳಬಹುದು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರಿಗೂ ಟಿಇಟಿ ಬೇಕು ಎಂದು ತೀರ್ಪು ಕೊಟ್ಟಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠಕ್ಕೆ ಕಳಿಸಿತು. ಆ ನೆಪ ಹಿಡಿದು ಟಿಇಟಿ ಬಿಟ್ಟರೆ ನಷ್ಟ ನಿಮಗೇ.

ಸರ್ಕಾರಿ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. 2022ರಲ್ಲಿ 15,000 ಹುದ್ದೆಗೆ ಕರೆದದ್ದು 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರಿಗೆ. ಪದವಿ ಇಲ್ಲದೆ ಬರೀ ಡಿ.ಎಲ್.ಇಡಿ ಇದ್ದವರು ಆಗ ದೂರವೇ ಉಳಿಯಬೇಕಾಯಿತು. ಅದಕ್ಕೇ ಕೋರ್ಸ್ ಮುಗಿದ ಮೇಲೆ ಪದವಿಗೆ ಸೇರಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಾದರೆ ಕೆಲಸ ಮಾಡುತ್ತಲೂ ಓದಬಹುದು.

ಕಾಯುವ ದಿನಗಳಲ್ಲಿ ಅತಿಥಿ ಶಿಕ್ಷಕರಾಗಿ ಸೇರುವುದು ಒಳ್ಳೆಯದು. ಗೌರವಧನ ಕಡಿಮೆ, ಖಾಯಂ ಆಗುವ ಭರವಸೆ ಇಲ್ಲ, ಇದನ್ನು ತಿಳಿದೇ ಹೋಗಿ. ಆದರೆ ನಮ್ಮ ಹಳ್ಳಿ ಶಾಲೆಗಳು ಅತಿಥಿ ಶಿಕ್ಷಕರಿಲ್ಲದೆ ನಡೆಯುವುದೇ ಇಲ್ಲ, ಒಳ್ಳೆಯ ತರಬೇತಿ ಆದವರು ಬಂದರೆ ಮುಖ್ಯ ಶಿಕ್ಷಕರು ಕೈ ಹಿಡಿದು ಕೂರಿಸಿಕೊಳ್ಳುತ್ತಾರೆ. ಮೇ ಕೊನೆಯಲ್ಲಿ ಶಾಲೆ ತೆರೆಯುವ ಮುಂಚೆಯೇ ಅಂಕಪಟ್ಟಿ, ಟಿಇಟಿ ಪತ್ರದ ಜೆರಾಕ್ಸ್ ಹಿಡಿದು ಬಿಇಒ ಕಚೇರಿಗೆ ಹೋಗಿ, ಯಾವ ಶಾಲೆಯಲ್ಲಿ ಹುದ್ದೆ ಖಾಲಿ ಇದೆ ಕೇಳಿ. ಆಮೇಲೆ ಆ ಶಾಲೆಗೇ ಹೋಗಿ ಮುಖ್ಯ ಶಿಕ್ಷಕರನ್ನೂ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷರನ್ನೂ ಕಾಣಿ. ಜೂನ್ ಬಂದ ಮೇಲೆ ಹೋದರೆ ಹತ್ತಿರದ ಶಾಲೆಗಳೆಲ್ಲ ತುಂಬಿರುತ್ತವೆ.